ಬಳ್ಳಾರಿ ನಗರ ಯಾರ ಕೋಟೆ? 93 ಮತ್ತು 94ರ ಕಥೆ

ಪ್ರಶ್ನೆ: ನಮ್ಮ ಮನೆ ಬಳ್ಳಾರಿಯ ಕೌಲ್ ಬಜಾರ್‌ನಲ್ಲಿದೆ. ನಾನು ಡಿಗ್ರಿ ಎರಡನೇ ವರ್ಷ ಓದುತ್ತಿದ್ದೇನೆ. ನಮ್ಮ ತಾತ "ಬಳ್ಳಾರಿ ಯಾವತ್ತಿದ್ದರೂ ಕಾಂಗ್ರೆಸ್ ಕೋಟೆ" ಅಂತಾರೆ. ಅಪ್ಪ "ಅದೆಲ್ಲ ಹಳೇ ಮಾತು, ಇದು ರೆಡ್ಡಿಗಳ ಕೋಟೆ" ಅಂತಾರೆ. ಯಾರದು ಸರಿ ನೋಡೋಣ ಅಂತ ಹಳೆಯ ಫಲಿತಾಂಶ ಹುಡುಕಿದೆ. 2008ಕ್ಕಿಂತ ಹಿಂದೆ "ಬಳ್ಳಾರಿ ನಗರ" ಅನ್ನುವ ಕ್ಷೇತ್ರವೇ ಸಿಗಲಿಲ್ಲ. ಇನ್ನೊಂದು ಅನುಮಾನ: ಊರ ಒಳಗೇ ಇರುವ ನಮ್ಮ ಮನೆಯವರ ವೋಟರ್ ಕಾರ್ಡಿನಲ್ಲಿ "ನಗರ" ಅಂತ ಇಲ್ಲವಲ್ಲ, ಯಾಕೆ?

ಉತ್ತರ: ನಿಮ್ಮ ಎರಡನೇ ಅನುಮಾನದಿಂದಲೇ ಶುರು ಮಾಡೋಣ. ಅದು ಬಿಡಿಸಿದರೆ ಮೊದಲನೆಯದು ತಾನಾಗಿ ಬಿಡಿಸಿಕೊಳ್ಳುತ್ತದೆ.

ಅಪ್ಪನ ಕಾರ್ಡು ತೆಗೆದು ಹಿಂದಕ್ಕೆ ತಿರುಗಿಸಿ. ವಿಳಾಸದ ಕೆಳಗೆ ವಿಧಾನಸಭಾ ಕ್ಷೇತ್ರದ ನಂಬರ್ ಮತ್ತು ಹೆಸರು ಇರುತ್ತದೆ. ನಿಮ್ಮದು 93, ಬಳ್ಳಾರಿ. ಪಕ್ಕದಲ್ಲಿ ಪರಿಶಿಷ್ಟ ಪಂಗಡಕ್ಕೆ ಮೀಸಲು ಅನ್ನುವ ಗುರುತು. ಈಗ ಸತ್ಯನಾರಾಯಣಪೇಟೆಯಲ್ಲೋ ಗಾಂಧಿನಗರದಲ್ಲೋ ಇರುವ ಗೆಳತಿಯ ಮನೆಯ ಕಾರ್ಡು ನೋಡಿ. ಅದರಲ್ಲಿ 94, ಬಳ್ಳಾರಿ ನಗರ. ಎರಡು ಮನೆಗೂ ಆಟೋದಲ್ಲಿ ಹತ್ತು ನಿಮಿಷದ ದಾರಿ. ಎರಡಕ್ಕೂ ಒಂದೇ ಮಹಾನಗರ ಪಾಲಿಕೆ, ಒಂದೇ ಮಾರ್ಕೆಟ್ಟು. ಶಾಸಕರು ಮಾತ್ರ ಬೇರೆ ಬೇರೆ.

93ನ್ನು ನಾವೆಲ್ಲ "ಬಳ್ಳಾರಿ ಗ್ರಾಮಾಂತರ" ಅಂತ ಕರೆಯುತ್ತೇವೆ. ಪೇಪರಿನವರೂ ಹಾಗೇ ಬರೆಯುತ್ತಾರೆ. ಆದರೆ ಚುನಾವಣಾ ಆಯೋಗದ ಪಟ್ಟಿಯಲ್ಲಿ ಅದರ ಹೆಸರು ಬರೀ "ಬಳ್ಳಾರಿ". ಹೆಸರು ಗ್ರಾಮಾಂತರ ಅಂತ ರೂಢಿಯಾದರೂ ಅದರೊಳಗೆ ಸುತ್ತಲಿನ ಹಳ್ಳಿಗಳ ಜೊತೆ ಕೌಲ್ ಬಜಾರ್ ಕಡೆಯ ವಾರ್ಡುಗಳೂ ಇವೆ. ಇನ್ನು 2008ಕ್ಕಿಂತ ಮೊದಲು ನಮ್ಮ ಊರಿಗೆ ಇದ್ದ ಹಳೆಯ ಕ್ಷೇತ್ರದ ಹೆಸರು ಏನು? ಅದೂ ಬರೀ "ಬಳ್ಳಾರಿ". ಎಷ್ಟೋ ಜನ ಎಡವುವುದು ಇಲ್ಲೇ. ಪಟ್ಟಿಯಲ್ಲಿ ಒಂದೇ ಹೆಸರು ಉದ್ದಕ್ಕೂ ಸಾಗಿ ಬರುವುದನ್ನು ನೋಡಿ, ಒಂದೇ ಕ್ಷೇತ್ರ ಅಂದುಕೊಳ್ಳುತ್ತಾರೆ. 2004ರಲ್ಲಿ ಬಿಜೆಪಿಯ ಶ್ರೀರಾಮುಲು ಗೆದ್ದ "ಬಳ್ಳಾರಿ" ಸಾಮಾನ್ಯ ಕ್ಷೇತ್ರ. 2008ರಲ್ಲಿ ಅವರು ಗೆದ್ದ "ಬಳ್ಳಾರಿ" ಮೀಸಲು ಕ್ಷೇತ್ರ. ಹೆಸರು ಒಂದೇ, ಗಡಿ ಬೇರೆ, ಮತದಾರರೂ ಬಹಳಷ್ಟು ಬೇರೆ.

ಈಗ ತಾತನ ಮಾತಿಗೆ ಬರೋಣ.

1952ರ ಮೊದಲ ಚುನಾವಣೆಯಲ್ಲಿ ಬಳ್ಳಾರಿಯವರು ಮತ ಹಾಕಿದ್ದು ಮೈಸೂರಿಗಲ್ಲ, ಮದ್ರಾಸ್ ವಿಧಾನಸಭೆಗೆ. ಆಗ ನಾವು ಮದ್ರಾಸ್ ರಾಜ್ಯದಲ್ಲಿದ್ದೆವು. ಆಂಧ್ರ ರಾಜ್ಯ ಆಗುವಾಗ ಬಳ್ಳಾರಿ ಯಾವ ಕಡೆ ಅನ್ನುವ ದೊಡ್ಡ ಜಗಳ ಎದ್ದಿತು. ಬಳ್ಳಾರಿ ತಾಲ್ಲೂಕಿನ ವಿಚಾರಕ್ಕೇ ನ್ಯಾಯಮೂರ್ತಿ ಮಿಶ್ರಾ ಆಯೋಗ ಬಂತು. ಆದೋನಿ, ಆಲೂರು, ರಾಯದುರ್ಗ ಆ ಕಡೆ ಹೋದವು. ಬಳ್ಳಾರಿ ಸೇರಿ ಏಳು ತಾಲ್ಲೂಕು 1953ರ ಅಕ್ಟೋಬರ್ 1ರಂದು ಮೈಸೂರಿಗೆ ಸೇರಿದವು. ಆ ಸಂಭ್ರಮಕ್ಕೆ ದುಡಿಯುತ್ತಿದ್ದ ಪಿಂಜಾರ ರಂಜಾನ್ ಸಾಬ್ ಆಸಿಡ್ ದಾಳಿಗೆ ಬಲಿಯಾದರು. ಪ್ರತಿ ನವೆಂಬರ್ ಒಂದಕ್ಕೆ ಬಾವುಟ ಹಾರಿಸುವಾಗ ಅವರ ಹೆಸರು ಎತ್ತದಿದ್ದರೆ ನನಗೆ ಮನಸ್ಸಿಗೆ ಸಮಾಧಾನ ಇರುವುದಿಲ್ಲ.

ಈ ಹಿನ್ನೆಲೆ ಸುಮ್ಮನೆ ಹೇಳುತ್ತಿಲ್ಲ. ಇವತ್ತಿಗೂ ನಮ್ಮ ಊರಿನ ಪ್ರಚಾರದ ಆಟೋ ಒಂದು ಗಲ್ಲಿಗೆ ಬಂದರೆ ಮೊದಲು ಕನ್ನಡದಲ್ಲಿ ಕೂಗುತ್ತದೆ, ಎರಡು ಮನೆ ದಾಟಿ ತೆಲುಗಿನಲ್ಲಿ, ಮಸೀದಿ ಬೀದಿಗೆ ತಿರುಗಿದರೆ ದಖ್ಖನಿಯಲ್ಲಿ. ಮನೆ ಬಾಗಿಲಿಗೆ ಬಂದ ಅಭ್ಯರ್ಥಿ ಎದುರಿಗಿರುವವರ ಭಾಷೆ ನೋಡಿ ತನ್ನ ಭಾಷೆ ಬದಲಿಸುತ್ತಾನೆ. ಯಾವ ಒಂದು ಜಾತಿ, ಯಾವ ಒಂದು ಭಾಷೆ ನಂಬಿಕೊಂಡೂ ಇಲ್ಲಿ ಗೆಲ್ಲಲು ಆಗುವುದಿಲ್ಲ.

ತಾತ ಹೇಳುವ ಕಾಂಗ್ರೆಸ್ ಕೋಟೆ ನಿಜವಾಗಿ ಇತ್ತು. ಆದರೆ ಅದು ಮುಖ್ಯವಾಗಿ ಲೋಕಸಭೆಯ ಕೋಟೆ. 1952ರಲ್ಲಿ ಟೇಕೂರ್ ಸುಬ್ರಹ್ಮಣ್ಯಂ ಗೆದ್ದಾಗಿನಿಂದ 2004ರವರೆಗೆ ಬಳ್ಳಾರಿ ಲೋಕಸಭಾ ಕ್ಷೇತ್ರವನ್ನು ಕಾಂಗ್ರೆಸ್ ಬಿಟ್ಟುಕೊಡಲೇ ಇಲ್ಲ. ಅರ್ಥಶಾಸ್ತ್ರಜ್ಞ ವಿ.ಕೆ.ಆರ್.ವಿ. ರಾವ್ ಇಲ್ಲಿಂದ ಹೋದರು, ಬಸವರಾಜೇಶ್ವರಿ ಹೋದರು. 1999ರಲ್ಲಿ ಸೋನಿಯಾ ಗಾಂಧಿ ಬಂದು ನಿಂತರು. ಎದುರಿಗೆ ಬಿಜೆಪಿಯ ಸುಷ್ಮಾ ಸ್ವರಾಜ್. ಸುಷ್ಮಾ ಕನ್ನಡ ಕಲಿತು ಕನ್ನಡದಲ್ಲೇ ಭಾಷಣ ಮಾಡಿದರು. ಸೋನಿಯಾ 56,100 ಮತದಿಂದ ಗೆದ್ದರು, ಆದರೆ ಸುಷ್ಮಾ ಮೂರೂವರೆ ಲಕ್ಷದ ಮೇಲೆ ಮತ ತೆಗೆದುಕೊಂಡರು. ಅಲ್ಲಿಯವರೆಗೆ ಬಿಜೆಪಿಗೆ ಇಲ್ಲಿ ಹೇಳಿಕೊಳ್ಳುವಂಥ ಬಲ ಇರಲಿಲ್ಲ. ಆ ಪ್ರಚಾರದ ಓಡಾಟದಲ್ಲಿ ಗಲ್ಲಿ ಗಲ್ಲಿಗೆ ಕಾರ್ಯಕರ್ತರು ಸಿಕ್ಕರು. ಗಣಿ ಉದ್ಯಮದ ರೆಡ್ಡಿ ಸಹೋದರರು (ಕರುಣಾಕರ, ಸೋಮಶೇಖರ, ಜನಾರ್ದನ), ಅವರ ಬಳಗದ ಶ್ರೀರಾಮುಲು ಮುಂದಕ್ಕೆ ಬಂದದ್ದು ಇದೇ ಹೊತ್ತಿನಲ್ಲಿ.

ಆ ವರ್ಷ ವಿಧಾನಸಭೆಗೂ ಲೋಕಸಭೆಗೂ ಒಟ್ಟಿಗೇ ಚುನಾವಣೆ. ಊರಿನ ಕ್ಷೇತ್ರದಲ್ಲಿ ಕಾಂಗ್ರೆಸ್ಸಿನ ಎಂ. ದಿವಾಕರ ಬಾಬು ಗೆದ್ದು ಎಸ್.ಎಂ. ಕೃಷ್ಣ ಸರ್ಕಾರದಲ್ಲಿ ಮಂತ್ರಿಯಾದರು. 2004ಕ್ಕೆ ಗಾಳಿ ತಿರುಗಿತು. ಊರಿನ ಕ್ಷೇತ್ರ ಶ್ರೀರಾಮುಲು ಅವರಿಗೆ, ಲೋಕಸಭೆ ಕರುಣಾಕರ ರೆಡ್ಡಿ ಅವರಿಗೆ. ಎರಡೂ ಬಿಜೆಪಿಗೆ. ತಾತನ ಕೋಟೆಯ ಕಥೆ ಅಲ್ಲಿಗೆ ನಿಂತಿತು, ಅಪ್ಪನ ಕೋಟೆಯ ಕಥೆ ಅಲ್ಲಿಂದ ಹೊರಟಿತು.

ಆದರೆ ನನ್ನ ಕೇಳಿದರೆ ಬಳ್ಳಾರಿ ರಾಜಕೀಯವನ್ನು ನಿಜವಾಗಿ ತಿರುಗಿಸಿದ್ದು ಇವರು ಯಾರೂ ಅಲ್ಲ. 2008ರ ಕ್ಷೇತ್ರ ಮರುವಿಂಗಡಣೆ. ಇದರ ಬಗ್ಗೆ ಯಾರೂ ಜಾಸ್ತಿ ಮಾತಾಡುವುದಿಲ್ಲ, ಅದಕ್ಕೇ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಅದಕ್ಕೆ ಮೊದಲಿನ ಕ್ಷೇತ್ರಗಳ ಗಡಿ ಹಾಕಿದ್ದು 1971ರ ಜನಗಣತಿ ಇಟ್ಟುಕೊಂಡು. ಆ ಲೆಕ್ಕದಲ್ಲಿ ಇಡೀ ಕರ್ನಾಟಕಕ್ಕೆ ಪರಿಶಿಷ್ಟ ಪಂಗಡದ ಮೀಸಲು ಕ್ಷೇತ್ರ ಇದ್ದದ್ದು ಎರಡೇ ಎರಡು. 1991ರಲ್ಲಿ ನಾಯಕ, ಬೇಡ, ವಾಲ್ಮೀಕಿ ಹೆಸರುಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದವು. 2001ರ ಜನಗಣತಿ ಇಟ್ಟುಕೊಂಡು ಹೊಸದಾಗಿ ಲೆಕ್ಕ ಹಾಕಿದಾಗ ಆ ಎರಡು ಹದಿನೈದಾಯಿತು. ಪಂಗಡದ ಜನ ಎಲ್ಲಿ ಜಾಸ್ತಿ ಇದ್ದಾರೋ ಅಲ್ಲಿ ಮೀಸಲು ಅನ್ನುವುದು ನಿಯಮ. ವಾಲ್ಮೀಕಿ ನಾಯಕರು ಜಾಸ್ತಿ ಇರುವುದು ಎಲ್ಲಿ? ನಮ್ಮ ಕಡೆಯೇ ಅಲ್ವಾ. ಹದಿನೈದರಲ್ಲಿ ಐದು ಅವಿಭಜಿತ ಬಳ್ಳಾರಿ ಜಿಲ್ಲೆಗೇ ಬಂದವು: ಬಳ್ಳಾರಿ, ಸಿರುಗುಪ್ಪ, ಕಂಪ್ಲಿ, ಸಂಡೂರು, ಕೂಡ್ಲಿಗಿ. ಬಳ್ಳಾರಿ ಲೋಕಸಭಾ ಕ್ಷೇತ್ರವೂ ಮೀಸಲಾಯಿತು. ಊರಿನ ಮಗ್ಗುಲಲ್ಲಿದ್ದ ಕುರುಗೋಡು ಕ್ಷೇತ್ರ ನಕ್ಷೆಯಿಂದಲೇ ಹೋಯಿತು.

ನೂರಾರು ವರ್ಷ ಹಿಂದೆ ತಳ್ಳಿಸಿಕೊಂಡಿದ್ದ ಸಮುದಾಯಕ್ಕೆ ವಿಧಾನಸಭೆಯ ಬಾಗಿಲು ಹೀಗೆ ತೆರೆಯಿತು. ಅದು ಆಗಬೇಕಾದ ಕೆಲಸವೇ. ಆದರೆ ಅದರ ಜೊತೆ ಇನ್ನೊಂದೂ ಆಯಿತು. ಈಗಿನ ಬಳ್ಳಾರಿ ಜಿಲ್ಲೆಯ, ಅಂದರೆ ವಿಜಯನಗರ ಜಿಲ್ಲೆ ಬೇರೆಯಾದ ಮೇಲೆ ಉಳಿದ ಐದು ಕ್ಷೇತ್ರಗಳನ್ನು ಎಣಿಸಿ ನೋಡಿ. ನಾಲ್ಕು ಮೀಸಲು. ಸಾಮಾನ್ಯ ಕ್ಷೇತ್ರ ಒಂದೇ ಒಂದು, ಅದು ಬಳ್ಳಾರಿ ನಗರ. ಮೀಸಲಾತಿಗೆ ಸೇರದ ಯಾರಿಗೇ ಜಿಲ್ಲೆಯೊಳಗೆ ಶಾಸಕ ಆಗುವ ಆಸೆ ಇದ್ದರೂ ಇದೊಂದೇ ಬಾಗಿಲು. ಗಣಿಯ ದುಡ್ಡು ಇರಲಿ, ಹಳೆಯ ಮನೆತನದ ಹೆಸರು ಇರಲಿ, ಎಲ್ಲರೂ ಈ ಒಂದು ಬಾಗಿಲಿಗೇ ಬಂದು ನಿಂತರು.

2008ರಿಂದ ಈಚೆಗೆ ನಗರದಲ್ಲಿ ಗೆದ್ದವರು ಮೂವರು. ಅವರಲ್ಲಿ ಇಬ್ಬರನ್ನು ಈ ಬಾಗಿಲಿಗೆ ತಂದದ್ದು ಮರುವಿಂಗಡಣೆ. ಅನಿಲ್ ಲಾಡ್ 2004ರಲ್ಲಿ ಬಿಜೆಪಿಯಿಂದ ಕೂಡ್ಲಿಗಿ ಶಾಸಕರಾಗಿದ್ದವರು. ಕೂಡ್ಲಿಗಿ ಮೀಸಲಾಯಿತು, ಕಾಂಗ್ರೆಸ್ ಸೇರಿ ನಗರಕ್ಕೆ ಬಂದರು. ನಾರಾ ಭರತ್ ರೆಡ್ಡಿ ಅವರ ತಂದೆ ಸೂರ್ಯನಾರಾಯಣ ರೆಡ್ಡಿ ಕುರುಗೋಡಿನ ಶಾಸಕರಾಗಿದ್ದವರು. ಆ ಕ್ಷೇತ್ರವೇ ಇಲ್ಲವಾಯಿತು, ಮಗ ನಗರಕ್ಕೆ ಬಂದರು. ಮೂರನೆಯವರು ಗಾಲಿ ಸೋಮಶೇಖರ ರೆಡ್ಡಿ.

2008ರ ಮೊದಲ ಚುನಾವಣೆ ನೋಡಿ. ಸೋಮಶೇಖರ ರೆಡ್ಡಿ 54,831, ಅನಿಲ್ ಲಾಡ್ 53,809. ಅಂತರ 1,022. ಇದನ್ನು ಹೀಗೆ ಯೋಚಿಸಿ: ಶಾಲೆಯ ಒಂದು ಕೋಣೆಯಲ್ಲಿ ಒಂದು ಮತಗಟ್ಟೆ ಇರುತ್ತದಲ್ಲ, ಅದರ ಮತದಾರರ ಪಟ್ಟಿಯಲ್ಲಿ ಸುಮಾರು ಸಾವಿರ ಹೆಸರು ಇರುತ್ತವೆ. ಇಡೀ ಊರು ಮತ ಹಾಕಿ, ಕೊನೆಗೆ ಸೋಲು ಗೆಲುವು ನಿಂತದ್ದು ಆ ಒಂದು ಕೋಣೆಯಷ್ಟು ಮತದ ಮೇಲೆ. ಅದೂ ಯಾವಾಗ? ಅವಿಭಜಿತ ಜಿಲ್ಲೆಯ ಒಂಬತ್ತರಲ್ಲಿ ಎಂಟು ಸೀಟು ಬಿಜೆಪಿ ಬಾಚಿಕೊಂಡ ವರ್ಷ. ಆಮೇಲೆ ಕರುಣಾಕರ ರೆಡ್ಡಿ, ಜನಾರ್ದನ ರೆಡ್ಡಿ, ಶ್ರೀರಾಮುಲು ಮೂವರೂ ಮಂತ್ರಿಗಳಾದರು. ರೆಡ್ಡಿಗಳ ಹೆಸರು ರಾಜ್ಯದಲ್ಲೆಲ್ಲ ಮೊಳಗುತ್ತಿದ್ದ ಆ ಹೊತ್ತಿನಲ್ಲೇ ಅವರ ಸ್ವಂತ ಊರು ಅವರಿಗೆ ಸಾವಿರ ಮತದ ಗೆಲುವು ಕೊಟ್ಟಿತ್ತು. ಅದಕ್ಕೇ ನಾನು ನಗರ ಕ್ಷೇತ್ರವನ್ನು ಯಾರ ಕೋಟೆ ಅಂತಲೂ ಒಪ್ಪುವುದಿಲ್ಲ.

ಆಮೇಲಿನ ವರ್ಷಗಳು ನಿಮ್ಮ ಅಪ್ಪನಿಗೆ ಚೆನ್ನಾಗಿ ನೆನಪಿರುತ್ತವೆ. ಅದಿರು ಲಾರಿಗಳ ಕೆಂಪು ಧೂಳು ಹೊಸಪೇಟೆ ರಸ್ತೆಯ ಮರಗಳ ಎಲೆಗಳ ಮೇಲೆ ಕೂತು ಮಳೆ ಬಂದರೂ ಹೋಗುತ್ತಿರಲಿಲ್ಲ. 2010ರಲ್ಲಿ ಸಿದ್ದರಾಮಯ್ಯ ಮತ್ತು ಕಾಂಗ್ರೆಸ್ಸಿನವರು ಅಕ್ರಮ ಗಣಿಗಾರಿಕೆ ವಿರೋಧಿಸಿ ಬೆಂಗಳೂರಿನಿಂದ 320 ಕಿಲೋಮೀಟರ್ ನಡೆದು ಬಳ್ಳಾರಿಗೆ ಬಂದರು. 2011ರ ಜುಲೈನಲ್ಲಿ ಲೋಕಾಯುಕ್ತ ಸಂತೋಷ್ ಹೆಗ್ಡೆ ಅದರ ಬಗ್ಗೆ ವರದಿ ಕೊಟ್ಟರು, ಅದೇ ತಿಂಗಳು ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು. ಸೆಪ್ಟೆಂಬರ್‌ನಲ್ಲಿ ಅಕ್ರಮ ಗಣಿ ಪ್ರಕರಣದಲ್ಲಿ ಸಿಬಿಐ ಜನಾರ್ದನ ರೆಡ್ಡಿ ಅವರನ್ನು ಬಂಧಿಸಿತು. ಶ್ರೀರಾಮುಲು ಬಿಜೆಪಿ ಬಿಟ್ಟು ಬಿಎಸ್‌ಆರ್ ಕಾಂಗ್ರೆಸ್ ಕಟ್ಟಿದರು.

2013ರಲ್ಲಿ ನಗರದಲ್ಲಿ ಅನಿಲ್ ಲಾಡ್ ಗೆದ್ದರು, 52,098 ಮತ. ಎರಡನೇ ಸ್ಥಾನ ಬಿಎಸ್‌ಆರ್ ಕಾಂಗ್ರೆಸ್ಸಿನ ಎಸ್. ಮುರಳಿಕೃಷ್ಣ, 33,898. ಅನಿಲ್ ಲಾಡ್ ಅವರ ಈ ಅಂಕಿಯನ್ನು 2008ರದಕ್ಕೆ ಹೋಲಿಸಿ ನೋಡಿ. ಸೋತಾಗ ಬಂದಿದ್ದಕ್ಕಿಂತ ಗೆದ್ದಾಗ ಬಂದ ಮತ ಕಡಿಮೆ! ಅವರ ಮತ ಬೆಳೆಯಲಿಲ್ಲ, ಎದುರಿನವರ ಮತ ಒಡೆಯಿತು. ಈ ಕ್ಷೇತ್ರದ ಲೆಕ್ಕದಲ್ಲಿ ನೀವು ನೆನಪಿಡಬೇಕಾದ ಅಂಕಿ ಇದೇ.

2018ಕ್ಕೆ ಎಲ್ಲರೂ ಮತ್ತೆ ಬಿಜೆಪಿಯೊಳಗೆ ಒಂದಾಗಿದ್ದರು. ಸೋಮಶೇಖರ ರೆಡ್ಡಿ 76,589, ಅನಿಲ್ ಲಾಡ್ 60,434. ಹದಿನಾರು ಸಾವಿರದ ಅಂತರ. ಒಡೆದಿದ್ದು ಕೂಡಿದರೆ ಏನಾಗುತ್ತದೆ ಅನ್ನುವುದಕ್ಕೆ ಇಷ್ಟು ಸಾಕು. ಆದರೆ ಅದೇ ದಿನ ನಿಮ್ಮ 93ರಲ್ಲಿ ಏನಾಯಿತು? ಕಾಂಗ್ರೆಸ್ಸಿನ ಬಿ. ನಾಗೇಂದ್ರ ಗೆದ್ದರು. ಒಂದೇ ಊರು, ಒಂದೇ ದಿನ, ರಸ್ತೆಯ ಈ ಕಡೆ ಬಿಜೆಪಿ, ಆ ಕಡೆ ಕಾಂಗ್ರೆಸ್. ಅದೇ ವರ್ಷ ನವೆಂಬರ್‌ನ ಲೋಕಸಭಾ ಉಪಚುನಾವಣೆಯಲ್ಲಿ ಕಾಂಗ್ರೆಸ್ಸಿನ ವಿ.ಎಸ್. ಉಗ್ರಪ್ಪ ಎರಡು ಲಕ್ಷದ ನಲವತ್ತು ಸಾವಿರಕ್ಕೂ ಹೆಚ್ಚು ಮತದಿಂದ ಗೆದ್ದರು. ಆರು ತಿಂಗಳು ಕಳೆದು ಮತ್ತೆ ಬಿಜೆಪಿಯ ದೇವೇಂದ್ರಪ್ಪ. ನಮ್ಮ ಮತದಾರರು ಪ್ರತಿ ಚುನಾವಣೆಗೂ ಹೊಸದಾಗಿ ಯೋಚನೆ ಮಾಡುತ್ತಾರೆ ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಕಾ?

ಇನ್ನು 2023. ಈ ಚುನಾವಣೆಯ ಬಗ್ಗೆ ಒಂದು ತಪ್ಪು ತಿಳಿವಳಿಕೆ ಇದೆ, ಅದನ್ನು ಬಿಡಿಸಲೇಬೇಕು.

2022ರ ಡಿಸೆಂಬರ್ 25ರಂದು ಜನಾರ್ದನ ರೆಡ್ಡಿ ಕಲ್ಯಾಣ ರಾಜ್ಯ ಪ್ರಗತಿ ಪಕ್ಷ ಘೋಷಿಸಿದರು. ಗಣಿ ಪ್ರಕರಣದ ಜಾಮೀನಿಗೆ ಕೋರ್ಟಿನ ಷರತ್ತು ಇದ್ದದ್ದರಿಂದ ಅವರು ಬಳ್ಳಾರಿಗೆ ಕಾಲಿಡುವಂತಿರಲಿಲ್ಲ. ತಾವು ಕೊಪ್ಪಳ ಜಿಲ್ಲೆಯ ಗಂಗಾವತಿಯಲ್ಲಿ ನಿಂತು ಗೆದ್ದರು. ಬಳ್ಳಾರಿ ನಗರದಲ್ಲಿ ಅವರ ಹೆಂಡತಿ ಲಕ್ಷ್ಮೀ ಅರುಣಾ ನಿಂತರು. ಬಿಜೆಪಿಯಿಂದ ನಿಂತವರು ಜನಾರ್ದನ ರೆಡ್ಡಿ ಅವರ ಅಣ್ಣ ಸೋಮಶೇಖರ ರೆಡ್ಡಿ. ತಮ್ಮನ ಹೆಂಡತಿ ಒಂದು ಕಡೆ, ಭಾವ ಇನ್ನೊಂದು ಕಡೆ. ಕಾಂಗ್ರೆಸ್ಸಿನಿಂದ ಭರತ್ ರೆಡ್ಡಿ. ಟಿಕೆಟ್ ಸಿಗದ ಅನಿಲ್ ಲಾಡ್ ಜೆಡಿಎಸ್‌ನಿಂದ.

ಭರತ್ ರೆಡ್ಡಿ 86,440 ಮತ ತೆಗೆದುಕೊಂಡರು. ಲಕ್ಷ್ಮೀ ಅರುಣಾ 48,577. ಸೋಮಶೇಖರ ರೆಡ್ಡಿ 37 ಸಾವಿರ ಚಿಲ್ಲರೆಗೆ ಮೂರನೇ ಸ್ಥಾನಕ್ಕೆ ಹೋದರು. ಫಲಿತಾಂಶದ ದಿನವೇ ಎಲ್ಲರೂ "ಮನೆ ಒಡೆಯಿತು, ಅದಕ್ಕೇ ಕಾಂಗ್ರೆಸ್ ಬಂತು" ಅಂದರು. ಈಗಲೂ ಅನ್ನುತ್ತಾರೆ. 2013ಕ್ಕೆ ಆ ಮಾತು ಸರಿ ಹೊಂದುತ್ತದೆ. 2023ಕ್ಕೆ ಅರ್ಧ ಮಾತ್ರ. ಇಬ್ಬರ ಮತ ಕೂಡಿಸಿ ನೋಡಿ. 85 ಸಾವಿರದ ಆಸುಪಾಸು. ಅಂದರೆ ಮನೆ ಒಂದಾಗಿದ್ದು, ಒಂದೂ ಮತ ಸೋರದೆ ಎಲ್ಲ ಒಂದೇ ಕಡೆ ಬಿದ್ದಿದ್ದರೂ ಪೈಪೋಟಿ ಸಮಸಮ ಆಗುತ್ತಿತ್ತು. ಅಂತರ 37 ಸಾವಿರಕ್ಕೆ ಏರಿದ್ದು ಒಡಕಿನಿಂದ, ನಿಜ. ಆದರೆ ಕಾಂಗ್ರೆಸ್ಸಿನ ಮತ 60 ಸಾವಿರದಿಂದ 86 ಸಾವಿರಕ್ಕೆ ಏರಿತಲ್ಲ, ಅದು ಯಾರ ಜಗಳದಿಂದಲೂ ಬಂದದ್ದಲ್ಲ.

ಆ 26 ಸಾವಿರ ಎಲ್ಲಿಂದ ಬಂತು? ಗಮನವಿಟ್ಟು ನೋಡುತ್ತಿದ್ದವರಿಗೆ ಸುಳಿವು ಎರಡು ವರ್ಷ ಮೊದಲೇ ಸಿಕ್ಕಿತ್ತು. 2021ರ ಮಹಾನಗರ ಪಾಲಿಕೆ ಚುನಾವಣೆ. ರಾಜ್ಯದಲ್ಲಿ ಬಿಜೆಪಿ ಸರ್ಕಾರ, ನಗರದಲ್ಲಿ ಬಿಜೆಪಿ ಶಾಸಕ. ಆದರೂ 39 ವಾರ್ಡಿನಲ್ಲಿ ಕಾಂಗ್ರೆಸ್ 21 ಗೆದ್ದಿತು, ಬಿಜೆಪಿ 13ಕ್ಕೆ ನಿಂತಿತು. ಪಾಲಿಕೆ ಚುನಾವಣೆಯಲ್ಲಿ ಜನ ಮತ ಹಾಕುವುದು ಚರಂಡಿಗೆ, ಬೀದಿ ದೀಪಕ್ಕೆ, ನೀರಿಗೆ. ಬೇಸಿಗೆಯಲ್ಲಿ ನಿಮ್ಮ ಬೀದಿಯ ಮನೆ ಮನೆ ಮುಂದೆ ನೀಲಿ ಡ್ರಮ್ಮುಗಳು ಸಾಲಾಗಿ ನಿಂತಿರುತ್ತವಲ್ಲ, ಅವನ್ನು ನೆನಪು ಮಾಡಿಕೊಳ್ಳಿ. ನಾನು ಪ್ರಚಾರ ನೋಡಲು ಹೋದ ಕಡೆಯಲ್ಲೆಲ್ಲ ಹೆಂಗಸರು ಅಭ್ಯರ್ಥಿಗೆ ಕೇಳಿದ ಮೊದಲ ಮಾತು ಪಕ್ಷದ್ದಲ್ಲ. "ನೀರು ಎಷ್ಟು ದಿನಕ್ಕೊಂದ್ಸಲ ಬಿಡಿಸ್ತೀರಿ, ಅದು ಹೇಳ್ರಿ ಮೊದ್ಲು." ಕೈಯಲ್ಲಿ ಅರ್ಧ ಹೊಲಿದ ಜೀನ್ಸ್ ಪ್ಯಾಂಟಿನ ಕಾಲು, ಹಿಂದೆ ಮಶೀನು ಓಡುವ ಸದ್ದು. ಬಳ್ಳಾರಿಯ ಜೀನ್ಸ್ ದೇಶದಲ್ಲೆಲ್ಲ ಹೋಗುತ್ತದೆ, ಹೊಲಿಯುವವರ ಮನೆಯ ಲೆಕ್ಕ ಮಾತ್ರ ಪೀಸಿನ ಮೇಲೆ. 2023ರ ಪ್ರಚಾರದಲ್ಲಿ ರಾಹುಲ್ ಗಾಂಧಿ ಇಲ್ಲಿಗೆ ಬಂದು 5,000 ಕೋಟಿಯ ಜೀನ್ಸ್ ಪಾರ್ಕ್ ಮಾತು ಕೊಟ್ಟದ್ದು ಸುಮ್ಮನೆ ಅಲ್ಲ. ಆ ಮಾತು ಎಲ್ಲಿಯವರೆಗೆ ಬಂತು ಅಂತ ಹೊಲಿಯುವವರು ಮುಂದಿನ ಸಲ ಕೇಳಿಯೇ ಕೇಳುತ್ತಾರೆ, ಕೇಳಬೇಕು ಕೂಡ.

ಈ ನಾಲ್ಕೂ ಚುನಾವಣೆಯನ್ನು ಒಂದರ ಪಕ್ಕ ಒಂದು ಇಟ್ಟು ನೋಡಿ. ಬಿಜೆಪಿ, ಕಾಂಗ್ರೆಸ್, ಬಿಜೆಪಿ, ಕಾಂಗ್ರೆಸ್. ಗೆದ್ದವರನ್ನು ಮುಂದಿನ ಸಲವೂ ಗೆಲ್ಲಿಸಿದ ದಾಖಲೆ ಬಳ್ಳಾರಿ ನಗರಕ್ಕೆ ಇಲ್ಲಿಯವರೆಗೆ ಇಲ್ಲ.

ಹಾಗಾದರೆ ಅಪ್ಪ ಯಾಕೆ ರೆಡ್ಡಿಗಳ ಕೋಟೆ ಅಂತಾರೆ? ಅವರು ಮತ ಹಾಕುವುದು 93ರಲ್ಲಿ, ಅದನ್ನು ಮರೆಯಬೇಡಿ. ಅಲ್ಲಿ ರೆಡ್ಡಿ ಸಹೋದರರ ಬಳಗದ ಶ್ರೀರಾಮುಲು 2008ರಲ್ಲಿ ಬಿಜೆಪಿಯಿಂದ, 2011ರ ಉಪಚುನಾವಣೆಯಲ್ಲಿ ಪಕ್ಷೇತರರಾಗಿ, 2013ರಲ್ಲಿ ಬಿಎಸ್‌ಆರ್ ಕಾಂಗ್ರೆಸ್ಸಿನಿಂದ ಗೆದ್ದರು. ಮೂರು ಸಲ, ಮೂರು ಗುರುತು, ಗೆದ್ದವರು ಒಬ್ಬರೇ. ಇದನ್ನು ಕಣ್ಣಾರೆ ಕಂಡವರಿಗೆ ಕೋಟೆ ಅನಿಸುವುದು ಸಹಜ. 2014ರಲ್ಲಿ ಅವರು ಲೋಕಸಭೆಗೆ ಹೋದ ಮೇಲೆ ನಡೆದ ಉಪಚುನಾವಣೆಯಲ್ಲಿ ಕಾಂಗ್ರೆಸ್ಸಿನ ಎನ್.ವೈ. ಗೋಪಾಲಕೃಷ್ಣ ಗೆದ್ದರು. 2018ಕ್ಕೆ ನಾಗೇಂದ್ರ ಬಂದರು. 2023ರಲ್ಲಿ ಶ್ರೀರಾಮುಲು ಖುದ್ದಾಗಿ 93ಕ್ಕೆ ವಾಪಸ್ ಬಂದು ನಿಂತರೂ ನಾಗೇಂದ್ರ 29 ಸಾವಿರಕ್ಕೂ ಹೆಚ್ಚು ಮತದಿಂದ ಗೆದ್ದರು. ಹದಿನೈದು ವರ್ಷದಲ್ಲಿ ನಿಮ್ಮ ಅಪ್ಪ ವಿಧಾನಸಭೆಗೆ ಆರು ಸಲ ಮತ ಹಾಕಿರಬೇಕು. ಗೆಳತಿಯ ಅಪ್ಪ ನಾಲ್ಕೇ ಸಲ.

ತಾತ ಹೇಳುವುದು ಲೋಕಸಭೆಯ ಮಾತು, 2004ಕ್ಕಿಂತ ಹಿಂದಿನದು. ಅಪ್ಪ ಹೇಳುವುದು 93ರ ಮಾತು, 2014ಕ್ಕಿಂತ ಹಿಂದಿನದು. ನೀವು ಕೇಳಿದ್ದು 94ರ ಬಗ್ಗೆ. ಮೂವರೂ ಒಂದೇ ಊರಿನ ಹೆಸರು ಹೇಳಿಕೊಂಡು ಮೂರು ಬೇರೆ ಕ್ಷೇತ್ರದ ಬಗ್ಗೆ ಮಾತಾಡುತ್ತಿದ್ದೀರಿ.

ಇನ್ನಷ್ಟು ಆಳಕ್ಕೆ ಹೋಗುವ ಆಸೆ ಇದ್ದರೆ ಒಂದು ದಾರಿ ಹೇಳುತ್ತೇನೆ. ಪ್ರತಿ ಚುನಾವಣೆ ಮುಗಿದ ಮೇಲೆ ಚುನಾವಣಾಧಿಕಾರಿ ನಮೂನೆ 20 ಅಂತ ಒಂದು ಪಟ್ಟಿ ಮಾಡುತ್ತಾರೆ. ಯಾವ ಮತಗಟ್ಟೆಯಲ್ಲಿ ಯಾರಿಗೆ ಎಷ್ಟು ಮತ ಬಿತ್ತು ಅನ್ನುವುದು ಅದರಲ್ಲಿ ಸಾಲು ಸಾಲಾಗಿ ಇರುತ್ತದೆ. ಕರ್ನಾಟಕದ ಮುಖ್ಯ ಚುನಾವಣಾಧಿಕಾರಿಯ ವೆಬ್‌ಸೈಟಿನಲ್ಲಿ ಹುಡುಕಿ. 94ರ 2018 ಮತ್ತು 2023ರ ಪಟ್ಟಿ ಪಕ್ಕಪಕ್ಕ ಇಟ್ಟುಕೊಂಡು, ಗೆಳತಿಯ ಬೀದಿಯ ಮತಗಟ್ಟೆಯಿಂದ ಶುರು ಮಾಡಿ. ಮತಗಟ್ಟೆಯ ನಂಬರ್ ಬದಲಾಗಿರಬಹುದು, ಅದಕ್ಕೆ ನಂಬರ್ ನಂಬದೆ ಶಾಲೆಯ ಹೆಸರು, ಕೋಣೆ ನೋಡಿ ಹೊಂದಿಸಿಕೊಳ್ಳಿ. ಆ 26 ಸಾವಿರ ಯಾವ ಯಾವ ಬೀದಿಯಿಂದ ಬಂತು ಅಂತ ನಿಮಗೇ ಕಾಣುತ್ತದೆ.

ಈ 93, 94ರ ಗಡಿಯೂ ಶಾಶ್ವತ ಅಲ್ಲ. 2026ರ ನಂತರ ನಡೆಯುವ ಮೊದಲ ಜನಗಣತಿಯ ಅಂಕಿ ಬರುವವರೆಗೆ ಸೀಟುಗಳ ಲೆಕ್ಕ ಬದಲಿಸಬಾರದು ಅಂತ ಸಂವಿಧಾನದಲ್ಲೇ ಇದೆ. ಆಮೇಲೆ ಮತ್ತೆ ಮರುವಿಂಗಡಣೆ ಆದರೆ ಕೌಲ್ ಬಜಾರ್ ಯಾವ ಕಡೆ ಬರುತ್ತದೆ, ಯಾವ ಕ್ಷೇತ್ರ ಮೀಸಲಾಗುತ್ತದೆ ಅನ್ನುವುದೆಲ್ಲ ಹೊಸದಾಗಿ ತೀರ್ಮಾನ ಆಗಬೇಕು. ಕರಡು ಪಟ್ಟಿ ಹೊರಡಿಸಿದಾಗ ಜನರ ಆಕ್ಷೇಪಣೆ, ಸಲಹೆ ಕೇಳುತ್ತಾರೆ. ಕಾರ್ಡಿನ ಹಿಂದೆ ಯಾವ ನಂಬರ್ ಬೇಕು ಅಂತ ನಿಮ್ಮ ಬೀದಿಯವರು ಬರೆದು ಕೊಡಬಹುದಾದ ಹೊತ್ತು ಅದು.